ಮಾನಸಮಾರ್ಗವೂ ಪಾರ್ಶ್ವಾಭ್ಯುದಯವೂ

ಪಾರ್ಶ್ವಾಭ್ಯುದಯವೆಂಬ ಕಾವ್ಯದ ಹೆಸರು ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಒಂದೆರಡು ವಾಕ್ಯಗಳಷ್ಟು ಸ್ಥಳವನ್ನು ಪಡೆದು ಮರೆಯಾಗುವುದು ವಾಡಿಕೆ. ಕರ್ತೃವು ಜಿನಸೇನಾಚಾರ್ಯರು; ಭಾಷೆ ಸಂಸ್ಕೃತ; ಕಾಳಿದಾಸನ ಮೇಘದೂತದ ಪ್ರತಿಯೊಂದು ಪಾದವನ್ನೂ ತಮ್ಮ ಪದ್ಯಗಳೊಳಗೆ ಹುದುಗಿಸಿಕೊಂಡು ಪಾರ್ಶ್ವತೀರ್ಥಂಕರನ ಕಥೆಯನ್ನು ಹೇಳಿರುವರು; ಆದಕಾರಣ ಇದು ಸಮಸ್ಯಾಪೂರಣದ ಜಾತಿಗೆ ಸೇರಿದುದು. ಇಷ್ಟನ್ನು ಹೇಳಿ ಚರಿತ್ರಕಾರರು ಮುಂದಕ್ಕೆ ನಡೆದುಬಿಡುತ್ತಾರೆ. ಇದಕ್ಕೆ ತೀರ ವಿರುದ್ಧವಾದ ಮತ್ತೊಂದು ಮಾತೂ ಉಂಟು. ಕವಿರಾಜಮಾರ್ಗವನ್ನು ೧೮೯೮ರಲ್ಲಿ ಮೊದಲು ಅಚ್ಚು ಹಾಕಿಸಿದ ಕೆ. ಬಿ. ಪಾಠಕರು ಅದಕ್ಕೂ ಮೊದಲೇ, ೧೮೯೪ರಲ್ಲಿ, ಪಾರ್ಶ್ವಾಭ್ಯುದಯದಲ್ಲಿ ದೊರೆಯುವ ಮೇಘದೂತದ ಪಾಠವನ್ನು ಸಂಪಾದಿಸಿ ಪ್ರಕಟಿಸಿದರು. ಭಾರತೀಯ ಕವಿಗಳಲ್ಲಿ ಅಗ್ರಸ್ಥಾನವು ಕಾಳಿದಾಸನಿಗೆ ಸಲ್ಲುವುದೆಂದು ಎಲ್ಲರೂ ಒಪ್ಪಿದ್ದರೂ, ಮೇಘದೂತದ ಕವಿಗಿಂತ ಮಿಗಿಲಾದ ಪ್ರತಿಭೆಯುಳ್ಳವರೆನ್ನಿಸಿಕೊಳ್ಳಲು ಜಿನಸೇನರಿಗೆ ಹಕ್ಕುಂಟೆಂದು ಆ ವಿದ್ವಾಂಸರು ಅಭಿಪ್ರಾಯಪಟ್ಟರು. ಒಂದು ಕಡೆ ಉಪೇಕ್ಷೆ, ಇನ್ನೊಂದು ಕಡೆ ಅತಿಶಯೋಕ್ತಿ. ಇವೆರಡರ ನಡುವೆ ಕಾವ್ಯವನ್ನು ಕಾವ್ಯವೆಂದು ಓದಿದವರು ವಿರಳ. ನಮ್ಮ ಪ್ರಸ್ತುತ ಪ್ರಯತ್ನವು ಅಲ್ಪವಾದುದು: ಮೇಘದೂತವು ಕೈಲಾಸಕ್ಕೂ ಮಾನಸಸರೋವರಕ್ಕೂ ದಾರಿ ತೋರಿಸುವ ಕಾವ್ಯ, ಆ ದಾರಿಯ ಮಾತುಗಳು ಜಿನಸೇನರ ಕೈಯಲ್ಲಿ ಏನಾದುವು ಎಂಬುದನ್ನು ನೋಡುವುದು.

ಈ ವಿಚಾರವು ಕಲಬುರಗಿ ಸೀಮೆಯವರಿಗೆ ಮನೆಯ ವಿಚಾರವೇ ಸರಿ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಾಚಕರಿಗೆ ತಿಳಿದುದೇ ಆಗಿದೆ. ಅದೇ ತಾಲ್ಲೂಕಿನ ಆಡಕಿಯಲ್ಲಾಗಲಿ, ನೆರೆಯ ಚಿತ್ತಾಪುರ, ಚಿಂಚೋಳಿಗಳಲ್ಲಾಗಲಿ, ನೃಪತುಂಗನ ಹೆಸರನ್ನೂ ಕವಿರಾಜಮಾರ್ಗದ ಹೆಸರನ್ನೂ ಕೇಳದ ವಿದ್ಯಾರ್ಥಿ ಇರಲಾರನು. ಆದರೆ ಆ ನೃಪತುಂಗನ ಗುರುವೆನಿಸಿದವರು ಕಾಳಿದಾಸನ ಮೇಘವನ್ನು ಹಿಡಿದು ನಿಲ್ಲಿಸಿ ಅದರಿಂದ ಬೇರೊಂದು ಮಳೆಯನ್ನು ಕರೆಸಿದರೆಂಬ ಸಂಗತಿಯನ್ನು ಅಲ್ಲಿಯ ಶಾಲೆಗಳಲ್ಲಿ ಹೇಳುವವರು ಕಡಮೆ. ಆಷಾಢದಲ್ಲಿ ತೊಗರಿ ಬಿತ್ತುವ ಕಾಲಕ್ಕೆ ಈ ಕರಿನೆಲದ ಮೇಲೆ ಹಾಯ್ದು ಈಶಾನ್ಯಕ್ಕೆ ಸರಿಯುವ ಮುಗಿಲುಗಳೇ ಮೇಘದೂತದ ಮುಗಿಲುಗಳ ಬಳಗವೆಂದರೆ ಅದು ಬರಿಯ ಅಲಂಕಾರವಲ್ಲ. ಯಕ್ಷನು ನಿಂತ ರಾಮಗಿರಿಯು ನಾಗಪುರದ ಸಮೀಪದ ರಾಮಟೇಕವೆಂದು ವಾ. ವಿ. ಮಿರಾಶಿಯವರೇ ಮೊದಲಾದ ವಿದ್ವಾಂಸರು ಗೊತ್ತುಮಾಡಿರುವರು. ಅದು ಮಾನ್ಯಖೇಟಕ್ಕೆ ಈಶಾನ್ಯದಲ್ಲಿಯೇ ಇದೆ.

ಮೊದಲು ಕಾಳಿದಾಸನ ದಾರಿಯನ್ನು ನೋಡೋಣ. ಮೇಘದೂತವನ್ನು ವಿರಹಕಾವ್ಯವೆಂದು ಕರೆಯುವುದು ಸರಿಯೇ. ಆದರೆ ಪೂರ್ವಮೇಘದ ಬಹುಭಾಗದಲ್ಲಿ ವಿರಹಕ್ಕಿಂತ ಹೆಚ್ಚಾಗಿ ಕೇಳಿಬರುವುದು ದಾರಿ ಬಲ್ಲವನ ದನಿ. ಹೊರಡುವ ಮೊದಲು ದಾರಿಯನ್ನು ಕೇಳು, ಸಂದೇಶವನ್ನು ಆಮೇಲೆ ಕೇಳುವೆಯಂತೆ ಎನ್ನುತ್ತಾನೆ ಯಕ್ಷ. ಆಯಾಸವಾದಾಗ ಬೆಟ್ಟಗಳ ತಲೆಯ ಮೇಲೆ ಕಾಲೂರಿ ವಿಶ್ರಮಿಸಿಕೋ. ಬಡವಾದಾಗ ಹೊಳೆಗಳ ಹಗುರವಾದ ನೀರನ್ನು ಕುಡಿ. ಮಳೆ ಸುರಿಸಿ ಬರಿದಾದಾಗ ರೇವೆಯ ನೀರನ್ನು ತುಂಬಿಕೊಂಡು ಮುಂದೆ ಸಾಗು, ಬರಿದಾದುದನ್ನು ಗಾಳಿ ಎತ್ತಿ ಒಯ್ಯುತ್ತದೆ, ತುಂಬಿದುದನ್ನು ಅಲುಗಿಸಲಾರದು. ಮಾಲಭೂಮಿ, ಆಮ್ರಕೂಟ, ರೇವಾ, ದಶಾರ್ಣದ ವಿದಿಶೆ, ವೇತ್ರವತಿ, ನಿರ್ವಿಂಧ್ಯೆ, ಉಜ್ಜಯಿನಿ, ಗಂಭೀರೆ, ದೇವಗಿರಿ, ಚರ್ಮಣ್ವತಿ, ದಶಪುರ, ಕುರುಕ್ಷೇತ್ರ, ಕನಖಲ. ಅಲ್ಲಿಂದ ಹಿಮವಂತನ ತೊಪ್ಪಲು, ಹಂಸಗಳ ಬಾಗಿಲೆನಿಸಿದ ಕ್ರೌಂಚರಂಧ್ರ, ಕೈಲಾಸ, ಮಾನಸ, ಅಲಕೆ. ಒಂದೊಂದು ತಂಗುದಾಣಕ್ಕೂ ಒಂದೊಂದು ಕೆಲಸ, ಒಂದೊಂದು ಸುಖ, ಒಂದೊಂದು ಎಚ್ಚರಿಕೆ. ಉಜ್ಜಯಿನಿಯಂತೂ ನೆಟ್ಟನೆಯ ದಾರಿಯ ಮೇಲಿಲ್ಲ. ಬಳಸಾದರೂ ಅತ್ತ ಹೋಗಲೇಬೇಕೆಂದು ಯಕ್ಷನು ಒತ್ತಾಯಪಡಿಸುತ್ತಾನೆ. ಹೆಂಡತಿಯ ಪ್ರಾಣಕ್ಕೆ ಸಂಕಟವೊದಗಿದೆಯೆಂದು ದೂತನನ್ನು ಅಟ್ಟುವವನು ಅವನನ್ನು ಸುತ್ತುದಾರಿ ಹಿಡಿಸುವುದು ವ್ಯವಹಾರದ ಮಾತಲ್ಲ; ಆದರೆ ದಾರಿಯನ್ನು ಪ್ರೀತಿಸುವವನ ಮಾತು ಹೌದು. ಈ ಬಳಸುದಾರಿಯಲ್ಲಿಯೇ ಕಾಳಿದಾಸನ ಹೃದಯವಿದೆಯೆಂದು ನಾವು ಭಾವಿಸುತ್ತೇವೆ.

ಇದರೊಡನೆ ಇನ್ನೊಂದನ್ನು ನೆನಪಿಡಬೇಕು. ಈ ಮಾರ್ಗದರ್ಶಕನು ತಾನು ಹೋಗಲಾರದವನು. ಶಾಪದಿಂದ ಅವನ ಮಹಿಮೆ ಅಡಗಿಹೋಗಿದೆ; ಆಕಾಶದಲ್ಲಿ ಸಂಚರಿಸಬೇಕಾಗಿದ್ದವನು ನೆಲಕ್ಕಂಟಿದ್ದಾನೆ. ಆದುದರಿಂದ ಅವನು ಹೇಳುವ ಪ್ರತಿಯೊಂದು ಊರೂ ಅವನ ಪಾಲಿಗೆ ಕಳೆದುಹೋದ ಊರು. ನಡೆಯುವವನಿಗೆ ಕಣ್ಣಿಲ್ಲ, ಕಣ್ಣುಳ್ಳವನಿಗೆ ನಡೆಯಿಲ್ಲ. ಧೂಮ, ಜ್ಯೋತಿ, ಜಲ, ವಾಯುಗಳ ಕಲಸುಮೇಲೋಗರವಾದ ಮೋಡಕ್ಕೆ ದಾರಿಯ ಸೊಗಸು ಏನು ಗೊತ್ತು? ಗೊತ್ತಿರುವುದು ಹೇಳುವವನಿಗೆ. ಮೇಘದೂತದ ಕರುಣೆಯ ಬುಡವಿರುವುದು ಇಲ್ಲಿ.

ಜಿನಸೇನರು ಈ ಸಂವಿಧಾನವನ್ನು ತಲೆಕೆಳಗು ಮಾಡಿದರು. ಅವರ ಕಥೆಯು ಜೈನಪುರಾಣಗಳಲ್ಲಿ ಪ್ರಸಿದ್ಧವಾದುದು. ಅರವಿಂದರಾಜನ ಪೋದನಪುರದಲ್ಲಿ ಕಮಠ, ಮರುಭೂತಿಗಳೆಂಬ ಅಣ್ಣತಮ್ಮಂದಿರು. ತಮ್ಮನ ಹೆಂಡತಿಯಾದ ವಸುಂಧರೆಯ ವಿಷಯದಲ್ಲಿ ಅಣ್ಣನು ತಪ್ಪಿ ನಡೆದು ದೇಶಭ್ರಷ್ಟನಾದನು. ಆದರೂ ಅಣ್ಣನ ಕ್ಷಮೆಯನ್ನು ಬೇಡಲು ಬಂದ ತಮ್ಮನನ್ನು ಅವನು ಕಲ್ಲು ಹಾಕಿ ಕೊಂದನು. ಹಲವು ಭವಗಳು ಕಳೆದ ಮೇಲೆ ಮರುಭೂತಿಯ ಜೀವವು ಪಾರ್ಶ್ವನಾಥನಾಗಿ ಪ್ರತಿಮಾಯೋಗದಲ್ಲಿ ನಿಂತಿರುವಾಗ, ಕಮಠನ ಜೀವವಾದ ಶಂಬರನು ಅವನನ್ನು ಕಂಡು ಹಳೆಯ ವೈರವನ್ನು ನೆನೆದು ಉಪಸರ್ಗವನ್ನು ಮಾಡುವನು. ಗರ್ಜಿಸುವನು, ಮಳೆಯನ್ನು ಸುರಿಸುವನು, ಕಾಳಗಕ್ಕೆ ಕರೆಯುವನು. ನೀನು ನನ್ನ ಕೈಯಲ್ಲಿ ಸತ್ತು ಮೇಘವಾಗಿ ಅಲಕೆಗೆ ಹೋಗು ಎಂದು ಹಂಗಿಸುವನು. ಹಾಗೆ ಹಂಗಿಸುತ್ತ ದಾರಿಯನ್ನೆಲ್ಲ ಹೇಳುವನು. ಅಲಕೆಯ ಭೋಗಗಳನ್ನು ಬಣ್ಣಿಸಿ ಆಸೆ ತೋರುವನು. ಯಾವುದಕ್ಕೂ ಉತ್ತರವಿಲ್ಲ. ಕೊನೆಗೆ ಬಂಡೆಯನ್ನೆತ್ತುವನು, ಅಷ್ಟರಲ್ಲಿ ಧರಣೇಂದ್ರನೂ ಪದ್ಮಾವತಿಯೂ ಬಂದು ಹೆಡೆಯ ಆಸರೆ ನೀಡುವರು, ಪಾರ್ಶ್ವನಿಗೆ ಕೇವಲಜ್ಞಾನವುಂಟಾಗುವುದು, ವೈರಿಯು ಪಶ್ಚಾತ್ತಾಪದಿಂದ ಬಾಗುವನು.

ಅಂತು ಕಾಳಿದಾಸನಲ್ಲಿ ನಿಂತವನು ಹೇಳುತ್ತಾನೆ, ಕೇಳಿದವನು ಹೋಗುತ್ತಾನೆ. ಜಿನಸೇನರಲ್ಲಿ ಅಲೆಯುವವನು ಹೇಳುತ್ತಾನೆ, ಕೇಳಬೇಕಾದವನು ಅಲುಗುವುದಿಲ್ಲ. ಇದು ನಾವು ಊಹಿಸಿ ಹೊರಿಸಿದ ಅರ್ಥವಲ್ಲವೆಂಬುದಕ್ಕೆ ಮೊದಲನೆಯ ಪದ್ಯವೇ ಸಾಕ್ಷಿ. ಅದರ ಮೊದಲ ಮೂರು ಪಾದಗಳು ಜಿನಸೇನರವು, ನಾಲ್ಕನೆಯದು ಮೇಘದೂತದ ಮೊತ್ತಮೊದಲ ಪಾದ. ಮರಕತದ ಕಂಬದ ಕಾಂತಿಯನ್ನು ತಳೆದು, ಏಕಾಗ್ರಯೋಗದಿಂದ ನಿಶ್ಚಲವಾದ ಮೂರ್ತಿಯಿಂದ ನಿಂತಿದ್ದ ಪಾರ್ಶ್ವನನ್ನು ಆಕಾಶದಲ್ಲಿ ಸಂಚರಿಸುತ್ತಿದ್ದ ದೈತ್ಯನು ವೈರದಿಂದ ಬೇಯುತ್ತ ಕಂಡನೆಂದು ಅಲ್ಲಿಯ ತಾತ್ಪರ್ಯ. ಕಂಬ ಮತ್ತು ಆಕಾಶ, ನಿಲವು ಮತ್ತು ಅಲೆತ: ಕಾವ್ಯದ ಬೀಜವಿಷ್ಟೂ ಈ ಮೂರು ಪಾದಗಳಲ್ಲಿ ಅಡಗಿದೆ. ನಾಲ್ಕನೆಯ ಪಾದಕ್ಕೆ ಬಂದಾಗ, ಕಾಂತೆಯನ್ನಗಲಿ ಅಧಿಕಾರದಲ್ಲಿ ತಪ್ಪಿದ ಆ ‘ಯಾವನೋ ಒಬ್ಬ’ನು ಕರುಣೆಗೆ ಪಾತ್ರನಾದ ಯಕ್ಷನಾಗಿ ಉಳಿಯದೆ, ತಮ್ಮನ ಹೆಂಡತಿಯನ್ನು ಬಯಸಿ ಊರು ಬಿಟ್ಟ ಕಮಠನಾಗಿಬಿಡುತ್ತಾನೆ. ಒಂದಕ್ಷರವನ್ನೂ ಬದಲಿಸದೆ ಅರ್ಥವನ್ನು ಬುಡಮೇಲು ಮಾಡುವ ಇಂಥ ಕಡೆಗಳಲ್ಲಿ ಜಿನಸೇನರ ಶಕ್ತಿಯನ್ನು ಒಪ್ಪದಿರುವುದು ಹಟವೇ ಸರಿ.

ಈ ನಿಲವಿನ ಚಿತ್ರವು ಜಿನಸೇನರ ಸ್ವಂತ ಸೃಷ್ಟಿಯೆಂದು ಮಾತ್ರ ತಿಳಿಯಬಾರದು. ಕನ್ನಡನಾಡಿನ ಕಲ್ಲುಕುಟಿಗರಿಗೆ ಅದು ಅವರಿಗಿಂತ ಬಹಳ ಹಿಂದಿನಿಂದಲೇ ಪರಿಚಿತವಾಗಿತ್ತು. ಐಹೊಳೆಯ ಜೈನಗುಹೆಯಲ್ಲಿಯೂ ಬಾದಾಮಿಯ ನಾಲ್ಕನೆಯ ಗುಹೆಯಲ್ಲಿಯೂ ಕಮಠೋಪಸರ್ಗದ ಶಿಲ್ಪಗಳಿವೆ. ನಡುವೆ ನೆಟ್ಟಗೆ ನಿಂತ ಪಾರ್ಶ್ವ; ತಲೆಯ ಮೇಲೆ ಹೆಡೆ; ಪಕ್ಕದಲ್ಲಿ ಕೊಡೆ ಹಿಡಿದ ಪದ್ಮಾವತಿ; ಮೇಲಿನಿಂದ ಎರಗುವ ವೈರಿ. ಎಲ್ಲೋರದ ಜೈನಗುಹೆಗಳಲ್ಲಿ ಈ ದೃಶ್ಯವು ಮತ್ತೆ ಮತ್ತೆ ಕಂಡುಬರುವುದು. ಅದೇ ಎಲ್ಲೋರದ ಗುಡ್ಡದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನು ಎಂಟನೆಯ ಶತಮಾನದಲ್ಲಿ ಕಡೆಯಿಸಿದ ಕೈಲಾಸನಾಥ ದೇವಾಲಯವೂ ಉಂಟೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಹಿಮಾಲಯಕ್ಕೆ ಹೋಗದೆ ಕೈಲಾಸವನ್ನು ತಮ್ಮಲ್ಲಿಗೇ ಬರಮಾಡಿಕೊಂಡ ರಾಜವಂಶದ ನೆರಳಿನಲ್ಲಿ, ಕೈಲಾಸದ ದಾರಿಯನ್ನು ಕೇಳಿಯೂ ಕದಲದವನ ಕಾವ್ಯ ಹುಟ್ಟಿತು.

ಹಾಗಾದರೆ ಕೈಲಾಸ, ಮಾನಸಗಳು ಬರುವ ಪದ್ಯಗಳಲ್ಲಿ ಏನಾಗುತ್ತದೆ? ಕಾವ್ಯದ ಪರೀಕ್ಷೆ ಇರುವುದು ಅಲ್ಲಿಯೇ. ಕಾಳಿದಾಸನ ಕೈಲಾಸವು ಹರನ ಬೀಡು, ರಾವಣನ ತೋಳುಗಳಿಂದ ಸಂದು ಸಡಲಿದ ಬೆಟ್ಟ, ದೇವಸ್ತ್ರೀಯರ ಕನ್ನಡಿ. ಅದರ ಮಗ್ಗುಲಿನ ಮಾನಸದಲ್ಲಿ ಹೊನ್ನತಾವರೆಗಳು. ಆ ನೀರನ್ನು ಕುಡಿ ಎಂದು ಯಕ್ಷನು ಮೇಘಕ್ಕೆ ಹೇಳುತ್ತಾನೆ. ಜೈನನಾದ ಓದುಗನಿಗೆ ಕೈಲಾಸವೆಂದರೆ ಬೇರೆಯ ನೆನಪು. ಅದು ಅಷ್ಟಾಪದ, ಆದಿಜಿನನಾದ ವೃಷಭನು ನಿರ್ವಾಣವನ್ನೈದಿದ ಸ್ಥಳ. ಭರತಚಕ್ರಿಯು ಅಲ್ಲಿ ಜಿನಗೃಹಗಳನ್ನು ಕಟ್ಟಿಸಿದನೆಂದೂ, ಅವುಗಳ ರಕ್ಷಣೆಗಾಗಿ ಸಗರನ ಮಕ್ಕಳು ಬೆಟ್ಟದ ಸುತ್ತ ಕಂದಕವನ್ನು ತೋಡಿ ಗಂಗೆಯನ್ನು ಹರಿಸಿದರೆಂದೂ ಪುರಾಣ. ಎಂದರೆ ಆ ಬೆಟ್ಟವು ಮನುಷ್ಯರ ಕಾಲಿಗೆ ಎಟುಕದಂತೆ ಬೇಕೆಂದೇ ಬೇರ್ಪಡಿಸಲ್ಪಟ್ಟುದು. ಶೈವನಿಗೆ ಕೈಲಾಸವು ಹೋಗಬೇಕಾದ ಊರಾದರೆ, ಜೈನನಿಗೆ ಅದು ಒಬ್ಬನು ಹೋಗಿ ಮರಳದ ಊರು. ಹೀಗಿರುವಲ್ಲಿ ಶಂಬರನ ಬಾಯಿಂದ ‘ಕೈಲಾಸಕ್ಕೆ ಅತಿಥಿಯಾಗು’ ಎಂಬ ಅರ್ಥದ ಮಾತು ಹೊರಟಾಗ ಅದಕ್ಕೆ ಅವನಿಗೇ ತಿಳಿಯದ ಒಂದು ಅರ್ಥವು ಅಂಟಿಕೊಳ್ಳುತ್ತದೆ. ಅವನು ಆಡುವುದು ಸಾವಿನ ಬೆದರಿಕೆ ಮತ್ತು ಭೋಗದ ಆಮಿಷ. ಕೇಳುಗನ ಕಿವಿಗೆ ಬೀಳುವುದು ಮೊದಲನೆಯ ತೀರ್ಥಂಕರನ ನಿರ್ವಾಣಸ್ಥಳದ ಹೆಸರು. ವೈರಿಯು ತಾನರಿಯದೆ ದಾರಿಯನ್ನು ಸರಿಯಾಗಿಯೇ ಹೇಳುತ್ತಿದ್ದಾನೆ. ಆದರೆ ಆ ದಾರಿಯಲ್ಲಿ ಕಾಲಿಗೆ ಕೆಲಸವಿಲ್ಲ. ಪೂರ್ವಮೇಘದ ಭೂಗೋಳಕ್ಕೆ ಜಿನಸೇನರು ಕೊಟ್ಟ ಉತ್ತರವಿದು. ಇದನ್ನು ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ.

ಜಿನಸೇನರು ಕೈಲಾಸವನ್ನು ಮುಂದೆ ತಮ್ಮ ಆದಿಪುರಾಣದಲ್ಲಿಯೂ ವರ್ಣಿಸಿರುವರು; ದಿಗ್ವಿಜಯವನ್ನು ಮುಗಿಸಿಕೊಂಡು ಬರುವ ಭರತನು ಅಲ್ಲಿಗೆ ಹೋಗಿ ವೃಷಭನನ್ನು ಸ್ತುತಿಸುವನು. ಆದರೆ ವೃಷಭನ ನಿರ್ವಾಣದವರೆಗೆ ಅವರ ಲೇಖನಿ ಸಾಗಲಿಲ್ಲ. ನಲವತ್ತೆರಡು ಪರ್ವಗಳು ಮುಗಿದು ನಲವತ್ತಮೂರನೆಯದರಲ್ಲಿ ಮೂರು ಪದ್ಯಗಳಾಗುವಷ್ಟರಲ್ಲಿ ಗ್ರಂಥವು ನಿಂತುಹೋಯಿತು. ಉಳಿದುದನ್ನು ಶಿಷ್ಯರಾದ ಗುಣಭದ್ರರು ಪೂರೈಸಿದರು. ಕನ್ನಡದಲ್ಲಿ ಆ ನಿರ್ವಾಣದವರೆಗೆ ನಮ್ಮನ್ನು ಕರೆದೊಯ್ದವನು ೯೪೧ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪ.

ಹಂಸಗಳ ವಿಚಾರವನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಪ್ರಕೃತಕ್ಕೆ ಸ್ವಲ್ಪ ಹೊರಗಾದರೂ ಚಿಂತೆಯಿಲ್ಲ. ಮೇಘದ ಗುಡುಗನ್ನು ಕೇಳಿ ಮಾನಸಕ್ಕೆ ಹೊರಡುವ ಹಂಸಗಳು ತಾವರೆಯ ಎಳೆದಂಟಿನ ಬುತ್ತಿ ಹೊತ್ತು ಕೈಲಾಸದವರೆಗೆ ಅದರ ಜತೆಗಾರರಾಗುವುವು. ಇದು ಕವಿಸಮಯವೆಂದು ಆಲಂಕಾರಿಕರು ಹೇಳಿ ಕೈಬಿಟ್ಟರು. ವಸ್ತುತಃ ಟಿಬೆಟ್ಟಿನ ಸರೋವರಗಳ ಬಳಿ ಮರಿಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ನಮ್ಮ ನಾಡಿಗೆ ಬರುವುವು. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಅವು ವರ್ಷವರ್ಷವೂ ನೆರೆಯುವುದರಿಂದಲೇ ಆ ಕೆರೆಯು ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಅವು ಬೇಸಗೆ ಹತ್ತುವಾಗಲೇ ಉತ್ತರಕ್ಕೆ ಮರಳುವುವು. ಮುಂಗಾರಿನ ಗುಡುಗಿಗಾಗಿ ಕಾಯುವುದಿಲ್ಲ. ಮಳೆಗಾಲದಲ್ಲಿ ಹಂಸಗಳು ಇಲ್ಲಿ ಕಾಣುವುದಿಲ್ಲವೆಂಬುದನ್ನು ಕಂಡವರು, ಮಳೆಯೊಡನೆ ಅವು ಹೋದುವೆಂದು ಕೂಡಿಸಿಕೊಂಡಂತೆ ತೋರುತ್ತದೆ. ಹೊನ್ನತಾವರೆಯೂ ಇದೇ ಬಗೆ. ಸಮುದ್ರಮಟ್ಟದಿಂದ ಸುಮಾರು ೪,೫೯೦ ಮೀಟರ್ ಎತ್ತರದಲ್ಲಿದ್ದು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಮಾನಸಸರೋವರದಲ್ಲಿ ತಾವರೆ ಅರಳುವುದು ಸಾಧ್ಯವಿಲ್ಲ. ಕಾಳಿದಾಸನು ಕಂಡು ಹೇಳಿದ ಉಜ್ಜಯಿನಿಗೂ ಕೇಳಿ ಹೇಳಿದ ಮಾನಸಕ್ಕೂ ಇರುವ ಅಂತರವನ್ನು ಓದುಗನು ಈ ಎರಡು ಗುರುತುಗಳಿಂದ ಅಳೆದುಕೊಳ್ಳಬಹುದು. ಉಜ್ಜಯಿನಿಯಲ್ಲಿ ಗಿಳಿಬಾಗಿಲಿನಿಂದ ಹೊರಡುವ ಕೇಶಧೂಪದ ಹೊಗೆಯೂ ಕವಿಗೆ ಗೊತ್ತು. ಮಾನಸದಲ್ಲಿ ಅವನಿಗೆ ಗೊತ್ತಿರುವುದು ಪುರಾಣಕ್ಕೆ ಗೊತ್ತಿರುವಷ್ಟೇ.

ಇನ್ನು ದೋಷಗಳ ಮಾತು. ಪಾಠಕರ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಮುನ್ನೂರ ಅರುವತ್ತನಾಲ್ಕು ಪದ್ಯಗಳ ಈ ಕಾವ್ಯದಲ್ಲಿ, ಕೊನೆಯ ಕೆಲವನ್ನುಳಿದು, ಪ್ರತಿಯೊಂದು ಪದ್ಯಕ್ಕೂ ಕಾಳಿದಾಸನ ಒಂದು ಅಥವಾ ಎರಡು ಪಾದಗಳನ್ನು ಹೊರಬೇಕಾದ ಕಟ್ಟು ಇದೆ. ಕಟ್ಟು ಸಡಿಲವಾಗಿ ಕೂತ ಕಡೆ ಜಿನಸೇನರು ಸ್ವತಂತ್ರರು. ಬಿಗಿಯಾದ ಕಡೆ ಪರತಂತ್ರರು. ದಾರಿಯ ವರ್ಣನೆಯು ಬೆಳೆದಂತೆಲ್ಲ ಶಂಬರನಿಗೆ ತಾನು ವೈರಿಯೆಂಬುದು ಮರೆತುಹೋಗುತ್ತದೆ. ಕೊಲ್ಲಬಂದವನು ಹೊಳೆಯ ನೀರಿನ ರುಚಿಯನ್ನೂ ಕೇದಗೆಯ ಬೇಲಿಯನ್ನೂ ಪದ್ಯಪದ್ಯವಾಗಿ ಬಣ್ಣಿಸುವುದೇಕೆ? ಆಮಿಷವೆಂದು ಸಮಾಧಾನ ಹೇಳಬಹುದು. ಆದರೆ ಆಮಿಷಕ್ಕೆ ಇಷ್ಟು ಊರುಗಳು ಬೇಕಿಲ್ಲ. ಮೂಲದಲ್ಲಿ ಒಂದು ಪದ್ಯದಲ್ಲಿ ಮುಗಿದ ಚಿತ್ರವು ಇಲ್ಲಿ ಮೂರು ನಾಲ್ಕು ಪದ್ಯಗಳಿಗೆ ಹಂಚಿಹೋಗುವುದರಿಂದ ಮಂದಾಕ್ರಾಂತದ ನಡಿಗೆ ಮಂದವಾಗಿ ಮಾತ್ರವೇ ಉಳಿಯುತ್ತದೆ. ಕಾಳಿದಾಸನ ನಾಲ್ಕು ಪಾದಗಳು ಒಂದರ ಭಾರವನ್ನೊಂದು ಹೊರುವ ಕಮಾನಿನಂತಿವೆ. ಕಮಾನನ್ನು ಬಿಚ್ಚಿ ಕಲ್ಲುಗಳನ್ನು ನಾಲ್ಕು ಗೋಡೆಗಳಲ್ಲಿ ಇಟ್ಟರೆ ಕಲ್ಲು ಹಾಳಾಗುವುದಿಲ್ಲ, ಕಮಾನು ಉಳಿಯುವುದಿಲ್ಲ. ಉತ್ತರಮೇಘದಲ್ಲಿ ಕಷ್ಟವು ಇನ್ನೂ ಹೆಚ್ಚು. ವಿರಹಿಣಿಯಾದ ಯಕ್ಷಪತ್ನಿಯ ಕೃಶವಾದ ದೇಹ, ಮೀಟಲಾರದ ವೀಣೆ, ಹೊಸ್ತಿಲ ಮೇಲೆ ಹೂವಿಟ್ಟು ದಿನಗಳನ್ನೆಣಿಸುವ ಕೈ, ಇವು ಪ್ರೀತಿಸಿದವನ ಬಾಯಲ್ಲಿ ಮಾತ್ರ ನಿಜ. ಹಗೆಯವನ ಬಾಯಲ್ಲಿ ಅವು ಎರವಲು ಒಡವೆಗಳು. ಮುನಿಯಾದ ಕವಿಗೆ ಶೃಂಗಾರವನ್ನು ಬರೆಯಲಾಗದೆಂಬ ಹಳೆಯ ಆಕ್ಷೇಪಣೆಯನ್ನು ನಾವು ಎತ್ತುತ್ತಿಲ್ಲ. ಆದಿಪುರಾಣವೇ ಅದಕ್ಕೆ ಉತ್ತರ. ಇಲ್ಲಿಯ ದೋಷವು ಮಾತನಾಡುವವನ ಆಯ್ಕೆಯಿಂದ ಬಂದುದು.

ಕಾವ್ಯದ ಸುತ್ತ ಹಬ್ಬಿದ ಐತಿಹ್ಯವೂ ಓದುಗರನ್ನು ದಾರಿತಪ್ಪಿಸಿದೆ. ವ್ಯಾಖ್ಯಾನಕಾರರಾದ ಯೋಗಿರಾಟ್ ಪಂಡಿತಾಚಾರ್ಯರು ಹೇಳುವಂತೆ, ಕಾಳಿದಾಸನು ಬಂಕಾಪುರದಲ್ಲಿ ಅಮೋಘವರ್ಷನ ಆಸ್ಥಾನಕ್ಕೆ ಬಂದು ವಿದ್ವಾಂಸರನ್ನು ಕಡೆಗಣಿಸಿ ಮೇಘದೂತವನ್ನು ಓದಿದನಂತೆ. ಸಧರ್ಮರಾದ ವಿನಯಸೇನರ ಪ್ರೇರಣೆಯಿಂದ ಜಿನಸೇನರು ಒಂದೇ ಸಲ ಕೇಳಿ ಅದನ್ನೆಲ್ಲ ನೆನಪಿಟ್ಟು, ಇದು ಹಳೆಯ ಕಾವ್ಯದಿಂದ ಕದ್ದುದೆಂದು ಹೇಳಿ, ಎಂಟು ದಿನಗಳಲ್ಲಿ ಪಾರ್ಶ್ವಾಭ್ಯುದಯವನ್ನು ಕಟ್ಟಿ ಓದಿ ಅವನ ಗರ್ವವನ್ನು ಮುರಿದರಂತೆ. ರವಿಕೀರ್ತಿಯು ೬೩೪ರ ಐಹೊಳೆಯ ಶಾಸನದಲ್ಲಿಯೇ ಕಾಳಿದಾಸನ ಕೀರ್ತಿಯನ್ನು ಹೇಳಿಕೊಂಡಿರುವಾಗ, ೮೧೪ರಲ್ಲಿ ಪಟ್ಟವೇರಿದ ಅಮೋಘವರ್ಷನ ಸಭೆಗೆ ಅವನು ಬರುವುದೆಂತು? ಕಥೆಯು ಕಾಲವಿರುದ್ಧವೆಂಬುದಷ್ಟೇ ಅಲ್ಲ, ಕಾವ್ಯವಿರುದ್ಧವೂ ಆಗಿದೆ. ಕದ್ದ ಮಾಲನ್ನು ಹಿಡಿದುಕೊಟ್ಟ ಕಾವಲುಗಾರನನ್ನಾಗಿ ಜಿನಸೇನರನ್ನು ಚಿತ್ರಿಸುವುದರಿಂದ ಅವರಿಗೆ ಗೌರವ ಬರಲಿಲ್ಲ. ಮೇಘದೂತವನ್ನು ಒಂದು ಪಾದವೂ ಬಿಡದೆ ಕಂಠಸ್ಥಮಾಡಿಕೊಂಡು, ತೂಗಿ ನೋಡಿ, ಅದರೊಡನೆ ವಾದಕ್ಕಿಳಿದವನು ಅದನ್ನು ಹಗೆಮಾಡಿದವನಾಗಿರಲಾರನು. ವಿನಯಸೇನರ ಪ್ರೇರಣೆಯ ಸಂಗತಿಯೂ ಅಮೋಘವರ್ಷನಿಗೆ ಕೋರಿದ ಶುಭವೂ ಕಾವ್ಯದ ಕೊನೆಯಲ್ಲಿಯೇ ಇವೆ. ಐತಿಹ್ಯವು ಅವುಗಳ ಮೇಲೆ ಬೆಳೆದ ಬಳ್ಳಿ.

ಆ ಶುಭಾಶಂಸನೆಯೇ ಒಂದು ತೊಡಕನ್ನೂ ತಂದೊಡ್ಡಿದೆ. ಪುನ್ನಾಟಸಂಘದ ಇನ್ನೊಬ್ಬ ಜಿನಸೇನರು ಶಕ ೭೦೫ರಲ್ಲಿ, ಎಂದರೆ ೭೮೩ರಲ್ಲಿ, ಮುಗಿಸಿದ ಹರಿವಂಶದಲ್ಲಿ ನಮ್ಮ ಜಿನಸೇನರನ್ನು ಹೊಗಳುತ್ತ ಅವರು ಮಾಡಿದ ಪಾರ್ಶ್ವಜಿನನ ಗುಣಸ್ತುತಿಯನ್ನು ಹೇಳಿರುವರು. ಅಮೋಘವರ್ಷನು ಆಗ ಹುಟ್ಟಿಯೂ ಇರಲಿಲ್ಲ. ಹರಿವಂಶದ ಮಾತು ಈ ಕಾವ್ಯವನ್ನೇ ಕುರಿತುದಾದರೆ, ಕೊನೆಯ ಪದ್ಯಗಳು ಅನಂತರ ಕೂಡಿಸಿದುವಾಗಬೇಕು. ಅಲ್ಲವಾದರೆ ಅದು ಬೇರೊಂದು ಸ್ತೋತ್ರವಾಗಬೇಕು. ಜಯಧವಲಾ ಟೀಕೆಯನ್ನು ಶಕ ೭೫೯ರಲ್ಲಿ ಅವರು ಪೂರೈಸಿದುದನ್ನು ನೋಡಿದರೆ, ೭೮೩ರಲ್ಲಿ ಅವರು ತೀರ ತರುಣರಾಗಿದ್ದಿರಬೇಕು. ತುಂಟತನವೂ ಹುರುಪೂ ತುಂಬಿದ ಈ ಕೆಲಸವು ತಾರುಣ್ಯಕ್ಕೆ ಒಪ್ಪುವಂಥದೇ. ಮೊದಲನೆಯ ಪಕ್ಷದ ಕಡೆಗೆ ನಮ್ಮ ಒಲವು.

ಈಗಿನ ಯಾತ್ರೆಯ ಮಾತನ್ನು ಎತ್ತದೆ ಈ ಲೇಖನವನ್ನು ಮುಗಿಸುವುದು ಸರಿಯಾಗದು; ಏಕೆಂದರೆ ಮಾನಸದ ದಾರಿಯು ಈಗ ಕಾವ್ಯದಲ್ಲಷ್ಟೇ ಇರುವುದಲ್ಲ. ೧೯೮೧ರಿಂದ ಭಾರತ ಸರ್ಕಾರದ ವಿದೇಶಾಂಗ ಇಲಾಖೆಯು ತಂಡತಂಡವಾಗಿ ಯಾತ್ರಿಕರನ್ನು ಲಿಪುಲೇಖದ ಮಾರ್ಗವಾಗಿ ಕಳುಹಿಸತೊಡಗಿತು. ೨೦೧೫ರಲ್ಲಿ ಸಿಕ್ಕಿಮಿನ ನಾಥು ಲಾ ಮಾರ್ಗವೂ ತೆರೆಯಿತು. ೨೦೨೦ರಿಂದ ನಿಂತಿದ್ದ ಯಾತ್ರೆಯು ೨೦೨೫ರಲ್ಲಿ ಮತ್ತೆ ನಡೆಯಿತು. ತಂಡಕ್ಕೊಬ್ಬ ಸಂಪರ್ಕಾಧಿಕಾರಿ, ದಾರಿಯಲ್ಲಿ ವೈದ್ಯಪರೀಕ್ಷೆ, ಎತ್ತರಕ್ಕೆ ಮೈ ಹೊಂದಿಕೊಳ್ಳಲೆಂದು ನಡುನಡುವೆ ತಂಗುವಿಕೆ, ಕೈಲಾಸಕ್ಕೆ ಮೂರು ದಿನಗಳ ಸುಮಾರು ೫೨ ಕಿಲೋಮೀಟರ್ ಪ್ರದಕ್ಷಿಣೆ. ಬೆಂಗಳೂರಿನಿಂದ ವಾಡಿಯ ಮೇಲೆ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ರೈಲು ನರ್ಮದೆಯನ್ನು ದಾಟಿ ವಿದಿಶೆಯನ್ನು ಹಾಯ್ದೇ ಹೋಗುವುದರಿಂದ, ಸೇಡಂ, ಶಹಾಬಾದಿನ ಕಡೆಯ ಯಾತ್ರಿಕನು ತನಗರಿವಿಲ್ಲದೆ ಮೇಘದ ದಾರಿಯ ಒಂದು ತುಂಡನ್ನು ತುಳಿದಿರುತ್ತಾನೆ. ಉಜ್ಜಯಿನಿಯ ಬಳಸನ್ನು ಮಾತ್ರ ರೈಲು ಒಪ್ಪುವುದಿಲ್ಲ.

ಈ ದಾರಿಯ ಅಪಾಯಗಳು ನಿಜವಾದುವು. ೧೯೯೮ರ ಆಗಸ್ಟಿನಲ್ಲಿ ಮಾಲ್ಪಾದಲ್ಲಿ ಬೆಟ್ಟ ಕುಸಿದು ಇನ್ನೂರಕ್ಕೂ ಮಿಕ್ಕ ಜನ ಸತ್ತರು. ಅವರಲ್ಲಿ ಮಾನಸದ ಯಾತ್ರಿಕರ ಒಂದು ತಂಡವೂ, ಆ ತಂಡದಲ್ಲಿ ಹೆಸರಘಟ್ಟದ ನೃತ್ಯಗ್ರಾಮವನ್ನು ಸ್ಥಾಪಿಸಿದ ಪ್ರೊತಿಮಾ ಬೇಡಿಯವರೂ ಇದ್ದರು. ೨೦೧೮ರ ಜುಲೈಯಲ್ಲಿ ನೇಪಾಳದ ಸಿಮಿಕೋಟಿನಲ್ಲಿ ಮೋಡ ಕವಿದು ವಿಮಾನ ಹಾರಲಾಗದೆ ಸಿಕ್ಕಿಕೊಂಡ ನೂರಾರು ಯಾತ್ರಿಕರಲ್ಲಿ ಕನ್ನಡಿಗರು ಬಹುಮಂದಿ. ಮೇಘವು ದೂತನಾಗುವುದು ಕಾವ್ಯದಲ್ಲಿ; ಬೆಟ್ಟದಲ್ಲಿ ಅದು ಶಂಬರನ ಪಕ್ಷವನ್ನೂ ವಹಿಸುತ್ತದೆ. ಮಳೆಗರೆದು ಉಪಸರ್ಗ ಮಾಡುವ ವೈರಿಯನ್ನು ಮೇಘದೂತದ ಪಾದಗಳಿಂದಲೇ ಮಾತನಾಡಿಸಿದ ಜಿನಸೇನರಿಗೆ ಮುಗಿಲಿನ ಈ ಎರಡನೆಯ ಮುಖವು ಕಂಡಿತ್ತು. ಆ ದೃಷ್ಟಿಯಿಂದ ಪಾರ್ಶ್ವಾಭ್ಯುದಯದ ಮೊದಲ ಸರ್ಗದ ಗುಡುಗುಮಳೆಯು ಕಾಳಿದಾಸನಲ್ಲಿ ಇಲ್ಲದ ಒಂದು ಭಯವನ್ನು ತರುತ್ತದೆ. ಕಾವ್ಯದ ಉತ್ತಮ ಭಾಗಗಳಲ್ಲಿ ಅದನ್ನು ನಾವು ಎಣಿಸುತ್ತೇವೆ.

ಯಾತ್ರೆಯನ್ನು ಕುರಿತು ಬರೆದ ಗ್ರಂಥಗಳ ಪೈಕಿ ಸ್ವಾಮಿ ಪ್ರಣವಾನಂದರ ೧೯೪೯ರ ಇಂಗ್ಲಿಷ್ ಗ್ರಂಥವು ಮೈಲಿಗಳ ಲೆಕ್ಕದಿಂದ ತಂಗುದಾಣಗಳನ್ನು ಪಟ್ಟಿಮಾಡಿಕೊಡುವ ಪ್ರಾಮಾಣಿಕವಾದ ಕೈಪಿಡಿ. ಅನೇಕ ವರ್ಷ ಆ ಸರೋವರದ ದಡದಲ್ಲಿಯೇ ಕಳೆದವರ ಬರಹವಾದುದರಿಂದ ಅದರಲ್ಲಿ ಉದ್ಗಾರಗಳು ಕಡಮೆ, ಸಂಗತಿಗಳು ಹೆಚ್ಚು. ಆ ಬಳಿಕ ಬಂದ ಅನೇಕ ಯಾತ್ರಾಕಥನಗಳಲ್ಲಿ, ಕನ್ನಡದವೂ ಸೇರಿ, ಬರೆಯುವವನ ಏದುಸಿರು ದಾರಿಯನ್ನೇ ಮುಚ್ಚಿಬಿಡುತ್ತದೆ: ಕುದುರೆಯಿಂದ ಬಿದ್ದುದು, ಊಟ ಸೇರದೆ ಹೋದುದು, ಸರೋವರವನ್ನು ಕಂಡೊಡನೆ ಕಣ್ಣೀರು ಬಂದುದು. ಕಣ್ಣೀರು ಸುಳ್ಳೆಂದಲ್ಲ, ಆದರೆ ಓದುಗನಿಗೆ ನೀರಿನ ಬಣ್ಣವೂ ಗೊತ್ತಾಗಬೇಕು. ದ. ರಾ. ಬೇಂದ್ರೆಯವರ ಕನ್ನಡ ಮೇಘದೂತವು ೧೯೪೩ರಲ್ಲಿ ಹೊರಬಂದ ಮೇಲೆಯಾದರೂ ನಮ್ಮ ಯಾತ್ರಾಲೇಖಕರಿಗೆ ಒಳ್ಳೆಯ ಮೇಲ್ಪಂಕ್ತಿಯು ಮನೆಯಲ್ಲಿಯೇ ದೊರೆತಿತ್ತು. ಯಕ್ಷನು ತನ್ನ ಬಳಲಿಕೆಯನ್ನು ಹೇಳುವುದಿಲ್ಲ. ಹೋಗುವವನ ಬಳಲಿಕೆಯನ್ನು ಮುಂಗಂಡು ನೆರಳನ್ನು ತೋರಿಸುತ್ತಾನೆ.

ಕಡೆಯದಾಗಿ ಪಾಠದ ವಿಚಾರ. ಮೇಘದೂತದ ಉಪಲಬ್ಧ ವ್ಯಾಖ್ಯಾನಕಾರರಲ್ಲಿ ಪ್ರಾಚೀನನೆನಿಸಿದ ಕಾಶ್ಮೀರದ ವಲ್ಲಭದೇವನು ಹತ್ತನೆಯ ಶತಮಾನದವನು; ಜಿನಸೇನರು ಅವನಿಗಿಂತ ಹಿಂದಿನವರು. ವಲ್ಲಭದೇವನ ಪಾಠದಲ್ಲಿ ನೂರ ಹನ್ನೊಂದು ಪದ್ಯಗಳು. ಎಸ್. ಕೆ. ಡೇಯವರು ೧೯೫೭ರಲ್ಲಿ ಸಾಹಿತ್ಯ ಅಕಾಡೆಮಿಗಾಗಿ ಸಿದ್ಧಪಡಿಸಿದ ಪರಿಷ್ಕರಣದಲ್ಲಿಯೂ ಅಷ್ಟೇ. ಜಿನಸೇನರು ಹುದುಗಿಸಿಕೊಂಡಿರುವುವು ನೂರಿಪ್ಪತ್ತು. ಹಾಗಾದರೆ ಹೆಚ್ಚಿನ ಪದ್ಯಗಳು ಪ್ರಕ್ಷಿಪ್ತವಾಗಿದ್ದರೂ ಒಂಬತ್ತನೆಯ ಶತಮಾನಕ್ಕೆ ಮೊದಲೇ ದಕ್ಷಿಣದಲ್ಲಿ ಕಾಳಿದಾಸನವೆಂದು ಓದಲ್ಪಡುತ್ತಿದ್ದುವೆಂಬುದು ಖಂಡಿತ. ಪಾದವು ಛಂದಸ್ಸಿನಲ್ಲಿಯೂ ಅರ್ಥದಲ್ಲಿಯೂ ಎರಡು ಕಡೆ ಬಿಗಿಯಾಗಿ ಕೂತಿರುವುದರಿಂದ, ಬಿಡಿ ಹಸ್ತಪ್ರತಿಗಳಲ್ಲಿ ಲಿಪಿಕಾರರು ಮಾಡಿದಷ್ಟು ಬದಲಾವಣೆಯನ್ನು ಇಲ್ಲಿ ಮಾಡುವುದು ಸುಲಭವಲ್ಲ. ಆದುದರಿಂದ ಮೇಘದೂತದ ಪಾಠಶೋಧಕರು ಪಾರ್ಶ್ವಾಭ್ಯುದಯವನ್ನು ಬಳಸುತ್ತ ಬಂದಿರುವರು. ಆದರೆ ಅವರಿಗೆ ಬೇಕಾದುದು ಕಾಳಿದಾಸನ ಪಾದಗಳು ಮಾತ್ರ. ಉಳಿದ ಪಾದಗಳನ್ನು ಕನ್ನಡಕ್ಕೆ ತಿರುಗಿಸಿ, ಮೂಲದ ಪಾದಗಳನ್ನು ಬೇರೆ ಅಚ್ಚಿನಲ್ಲಿ ತೋರಿಸಿ, ಯೋಗಿರಾಜರ ವ್ಯಾಖ್ಯಾನದ ಸಾರದೊಡನೆ ಪ್ರಕಟಿಸುವ ಕೆಲಸವನ್ನು ಕಲಬುರಗಿಯ ಪ್ರಾಂತದ ವಿದ್ವಾಂಸರೇ ಕೈಕೊಂಡರೆ ಉಚಿತವಾಗುವುದು. ಕೈಲಾಸದ ಪದ್ಯಗಳಿಂದ ಆರಂಭಿಸಬಹುದು.